ಕೆರೆ ಕಟ್ಟಿದವರು, ಕೆರೆ ಕಾಯ್ದವರು



ನಮ್ಮ ಸೀಮೆಯಲ್ಲಿ ನೀರಿನ ಮಾತು ಬಂದರೆ ಮೊದಲು ನೆನಪಾಗುವುದು ಚನ್ನಗಿರಿ ತಾಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿಗೆ ಏರಿ ಹಾಕಿ ಹರಿದ್ರಾ ಹಳ್ಳವನ್ನು ನಿಲ್ಲಿಸಿದ್ದಾರೆ. ಏರಿ ಸಣ್ಣದು, ಕೆರೆ ದೊಡ್ಡದು; ಇದು ಹಿರೀಕರ ಲೆಕ್ಕಾಚಾರ. ಶಾಂತವ್ವ ಎಂಬಾಕೆ ಕಟ್ಟಿಸಿದಳು ಅಂತ ಐತಿಹ್ಯ. ಸಿದ್ಧನ ತೂಬು, ಬಸವನ ತೂಬು ಎಂಬ ಹೆಸರುಗಳು ಇಂದಿಗೂ ಉಳಿದಿವೆ.

ಕಟ್ಟಿದ ಮಾತ್ರಕ್ಕೆ ಯಾವ ಕೆರೆಯೂ ಉಳಿಯಲಿಲ್ಲ. ನೀರುಗಂಟಿ ಸರದಿ ಪ್ರಕಾರ ಗದ್ದೆಗೆ ನೀರು ಬಿಡುತ್ತಿದ್ದ. ಅಚ್ಚುಕಟ್ಟಿನವರು ಕೂಡಿ ಕಾಲುವೆ ಹಸನು ಮಾಡುತ್ತಿದ್ದರು. ಬೇಸಿಗೆಯಲ್ಲಿ ಹೂಳನ್ನು ಗಾಡಿಯಲ್ಲಿ ಹೇರಿ ಹೊಲಕ್ಕೆ ಹಾಕುತ್ತಿದ್ದರು. ಕೆರೆಗೆ ಆಳ, ಹೊಲಕ್ಕೆ ಗೊಬ್ಬರ.

ಬೋರು ಬಂದ ಮೇಲೆ ನೀರು ಅವರವರ ಬೇಲಿಯೊಳಗಿನ ಸ್ವತ್ತಾಯಿತು. ಕೆರೆ ಯಾರಿಗೂ ಬೇಡವಾಯಿತು. ಕೆರೆಯಲ್ಲಿ ನೀರು ನಿಂತರೆ ತಾನೇ ಬೋರಿಗೆ ಜಲ? 2024ರ ಬೇಸಿಗೆಯಲ್ಲಿ ಚನ್ನಗಿರಿ ಕಡೆ ಅಡಿಕೆ ತೋಟಕ್ಕೆ ಟ್ಯಾಂಕರ್ ನೀರು ಹೊಡೆಸಬೇಕಾಯಿತು. ಹೊಳೆ ಹತ್ತಿರದ ಹೊನ್ನಾಳಿ, ನ್ಯಾಮತಿಯವರೂ ಹೊಳೆಯನ್ನೇ ನಂಬಿ ಕೆರೆ ಮರೆಯುವಂತಿಲ್ಲ.

ಬರದ ಜಗಳೂರನ್ನು ನೋಡಿ. ಹರಿಹರದ ಹತ್ತಿರ ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ಬಂತು. ಪೈಪು, ಪಂಪು, ಕರೆಂಟು ಎಲ್ಲಾ ಹೊಸದು. ನೀರು ಹಿಡಿಯೋದು ಮಾತ್ರ ಹಿರೀಕರ ಹಳೇ ಕೆರೆಗಳೇ. ಅವು ಒತ್ತುವರಿಯಾಗಿ ಹೋಗಿದ್ದರೆ ಆ ನೀರನ್ನು ಎಲ್ಲಿ ತುಂಬುತ್ತಿದ್ದೆವು?

ಸಾಲಕ್ಕೆ ಒಬ್ಬರಿಗೊಬ್ಬರು ಜಾಮೀನು ನಿಲ್ಲುವವರು ನಾವು. ಊರ ಕೆರೆಗೂ ಹಾಗೇ ನಿಲ್ಲೋಣ. ಗಡಿ ಗುರುತಿಸೋಣ, ಹಳ್ಳದ ದಾರಿ ಬಿಡಿಸೋಣ, ಹೂಳು ಹೊಲಕ್ಕೆ ಹೊರೋಣ. ಬೆಳ್ಳಿಹಬ್ಬದ ವರ್ಷ ಇಷ್ಟಾದರೂ ಆಗಲಿ.