ಆಫೀಸಿನ ಎಲ್ಲ ಕಂಪ್ಯೂಟರಿಗೂ ಆ್ಯಂಟಿವೈರಸ್: ಮೊದಲು ಲೆಕ್ಕ, ಆಮೇಲೆ ಇನ್‌ಸ್ಟಾಲ್

ದುಬೈ: ಅಲ್ ಕುಸೈಸ್ ಇಂಡಸ್ಟ್ರಿಯಲ್ ಏರಿಯಾದ ಸಣ್ಣ ಟ್ರೇಡಿಂಗ್ ಕಂಪನಿ, ವೇರ್‌ಹೌಸ್‌ಗಳಲ್ಲಿ ಪ್ರತ್ಯೇಕ ಐಟಿ ವಿಭಾಗ ಇರುವುದು ಕಡಿಮೆ. ಹತ್ತಿಪ್ಪತ್ತು ಕಂಪ್ಯೂಟರ್ ಇದ್ದರೆ ಆ್ಯಂಟಿವೈರಸ್ ಹೊಣೆ ಬಂದು ಬೀಳುವುದು ಅಕೌಂಟೆಂಟ್ ತಲೆ ಮೇಲೆ. ಬಿಲ್ ಪಾಸ್ ಮಾಡೋದೂ ಅವರೇ ತಾನೆ!

ಪೆನ್‌ಡ್ರೈವ್ ಹಿಡ್ಕೊಂಡು ಟೇಬಲ್ಲಿಂದ ಟೇಬಲ್ಲಿಗೆ ಓಡಾಡುವ ಅಗತ್ಯ ಈಗಿಲ್ಲ. ಬಿಸಿನೆಸ್ ಲೈಸೆನ್ಸ್‌ನಲ್ಲಿ ಪ್ರತಿ ಕಂಪ್ಯೂಟರಿನಲ್ಲೂ 'ಏಜೆಂಟ್' ಎಂಬ ಸಣ್ಣ ಸಾಫ್ಟ್‌ವೇರ್ ಕೂರುತ್ತದೆ. ಅಪ್‌ಡೇಟ್ ಆಗಿದೆಯೇ, ವೈರಸ್ ಸಿಕ್ಕಿದೆಯೇ ಎಂಬುದೆಲ್ಲ ಒಂದೇ ಕನ್ಸೋಲ್‌ನಲ್ಲಿ ಕಾಣುತ್ತದೆ. ಆದರೆ ಏಜೆಂಟ್ ಇಲ್ಲದ ಕಂಪ್ಯೂಟರ್ ಸಾಮಾನ್ಯವಾಗಿ ಅಲ್ಲಿ ಕಾಣೋದೇ ಇಲ್ಲ. ಸ್ಟೋರಿನ ಮೂಲೆಯಲ್ಲಿ ಬಾರ್‌ಕೋಡ್ ಪ್ರಿಂಟರಿಗೆಂದು ಇಟ್ಟ ಹಳೇ ಪಿಸಿ, ಸೇಲ್ಸ್‌ಮನ್ ರೂಮಿಗೆ ಒಯ್ಯುವ ಲ್ಯಾಪ್‌ಟಾಪ್ ತಪ್ಪಿಹೋಗುವುದು ಹೀಗೆಯೇ. ಹಾಗಾಗಿ ಅಸೆಟ್ ರಿಜಿಸ್ಟರ್ ತೆಗೆದು, ಬ್ಯಾಂಕ್ ರಿಕನ್ಸಿಲಿಯೇಶನ್ ಮಾಡಿದ ಹಾಗೆ ಕನ್ಸೋಲ್ ಜೊತೆ ತಾಳೆ ನೋಡಬೇಕು. ಪುಸ್ತಕದಲ್ಲಿ 18, ಕನ್ಸೋಲ್‌ನಲ್ಲಿ 16 ಇದ್ದರೆ ಆ ಎರಡು ಸಿಗುವವರೆಗೆ ಕೆಲಸ ಮುಗಿದಿಲ್ಲ. 2017ರ ಮೇ 12ರಂದು ಹರಡಿದ ವಾನಾಕ್ರೈ, ಯಾರೂ ಏನೂ ಕ್ಲಿಕ್ ಮಾಡದಿದ್ದರೂ ಪ್ಯಾಚ್ ಹಾಕದ ಕಂಪ್ಯೂಟರಿಂದ ಕಂಪ್ಯೂಟರಿಗೆ ನೆಟ್‌ವರ್ಕ್ ಮೂಲಕವೇ ದಾಟಿತ್ತು. ಮೈಕ್ರೋಸಾಫ್ಟ್ ಆ ಪ್ಯಾಚನ್ನು ಮಾರ್ಚ್‌ನಲ್ಲೇ ಕೊಟ್ಟಿತ್ತು!

ಹೊಸದನ್ನು ಹಾಕುವ ಮೊದಲು ಹಳೇ ಆ್ಯಂಟಿವೈರಸ್ ತೆಗೆಯಬೇಕು. ಎರಡು ಸೇರಿದರೆ ಕಂಪ್ಯೂಟರ್ ತೆವಳುತ್ತದೆ. ಮೊದಲ ವಾರ ಎರಡು ಮೂರು ಕಂಪ್ಯೂಟರಿಗಷ್ಟೇ ಹಾಕಿ ನೋಡುವುದು ಒಳ್ಳೆಯದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೆಟ್ಟು ನಿಂತವು. ರಕ್ಷಣೆಯ ಸಾಫ್ಟ್‌ವೇರೇ ಕೈಕೊಟ್ಟಿತ್ತು. ಡಬ್ಲ್ಯೂಪಿಎಸ್ ಸಂಬಳದ ದಿನ, ವ್ಯಾಟ್ ರಿಟರ್ನ್‌ನ ಕೊನೇ ದಿನಗಳಲ್ಲಂತೂ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಅಕೌಂಟಿಂಗ್ ಸಾಫ್ಟ್‌ವೇರ್ ಸ್ಲೋ ಆಯ್ತು ಅಂತ ಇಡೀ ಡಿ ಡ್ರೈವನ್ನೇ ಸ್ಕ್ಯಾನ್‌ನಿಂದ ಹೊರಗಿಡುವವರಿದ್ದಾರೆ. ಸಾಫ್ಟ್‌ವೇರ್ ಕಂಪನಿ ಸೂಚಿಸಿದ ಫೋಲ್ಡರ್ ಮಾತ್ರ ಬಿಟ್ಟರೆ ಸಾಕು. ಅನ್‌ಇನ್‌ಸ್ಟಾಲ್‌ಗೆ ಪಾಸ್‌ವರ್ಡ್ ಇರಲಿ.

ಯುಎಇ ಕಾರ್ಪೊರೇಟ್ ತೆರಿಗೆ ಕಾನೂನಿನ ಪ್ರಕಾರ ದಾಖಲೆಗಳನ್ನು 7 ವರ್ಷ ಇಡಬೇಕು. ಬ್ಯಾಕಪ್ ಹಾರ್ಡ್‌ಡಿಸ್ಕ್ ಸದಾ ಸರ್ವರ್‌ಗೇ ಚುಚ್ಚಿಟ್ಟಿದ್ದರೆ ರ‍್ಯಾನ್ಸಮ್‌ವೇರ್ ಅದನ್ನೂ ಲಾಕ್ ಮಾಡುತ್ತದೆ. ಬ್ಯಾಕಪ್ ಮುಗಿದ ಕೂಡಲೇ ಕಳಚಿ ಬೀರುವಿನಲ್ಲಿಡಬೇಕು.

ಕೆಲಸ ಬಿಟ್ಟು ಊರಿಗೆ ಹೊರಟವರ ಲ್ಯಾಪ್‌ಟಾಪನ್ನು ವೀಸಾ ಕ್ಯಾನ್ಸಲ್‌ಗೆ ಸಹಿ ಹಾಕುವ ದಿನವೇ ವಾಪಸ್ ಪಡೆದು ಕನ್ಸೋಲ್‌ನಲ್ಲಿ ಹೆಸರು ಬದಲಿಸಿದರೆ, ಹೊಸಬರಿಗೆ ಇನ್ನೊಂದು ಲೈಸೆನ್ಸ್ ಕೊಳ್ಳುವ ಖರ್ಚೂ ಇಲ್ಲ.