ಕೈಗಾದ ಎರಡು ಮೇ ಹದಿಮೂರು

ಮೇ 13. ಕೈಗಾದ ಕತೆಯಲ್ಲಿ ಈ ತಾರೀಖು ಎರಡು ಸಲ ಬರುತ್ತೆ. ಒಂದನ್ನು ಇಡೀ ದೇಶ ನೆನಪಿಟ್ಟುಕೊಂಡಿದೆ. ಇನ್ನೊಂದನ್ನು ಮರೆತುಬಿಟ್ಟಿದೆ.

ನೆನಪಿರೋದನ್ನೇ ಮೊದಲು ಹೇಳ್ತೀನಿ. 2016ರ ಮೇ 13ರಂದು ಕೈಗಾದ ಒಂದನೇ ಘಟಕ ಗ್ರಿಡ್‌ಗೆ ವಿದ್ಯುತ್ ಕೊಡಲು ಶುರು ಮಾಡಿತು. ಆಮೇಲೆ ನಿಲ್ಲಲೇ ಇಲ್ಲ. ಎರಡು ಮಳೆಗಾಲ ಹೋಯ್ತು, ಮೂರನೆಯದೂ ಹೋಯ್ತು. ನಮ್ಮಲ್ಲಿ ನೋಟು ರದ್ದಾಯ್ತು, ಜಿಎಸ್‌ಟಿ ಬಂತು, ವಿಧಾನಸಭೆ ಚುನಾವಣೆ ಮುಗಿದು ಹೊಸ ಸರ್ಕಾರ ಬಂತು. ಕಾಳಿ ನದಿಯ ದಂಡೆಯ ಮೇಲಿನ ಆ ಯಂತ್ರ ಮಾತ್ರ ಓಡ್ತಾನೇ ಇತ್ತು. 2018ರ ಡಿಸೆಂಬರ್ 10ಕ್ಕೆ 941 ದಿನ. ಬ್ರಿಟನ್ನಿನ ಹೇಶಮ್ ಸ್ಥಾವರದ ರಿಯಾಕ್ಟರ್ ಮಾಡಿದ್ದ 940 ದಿನದ ದಾಖಲೆ ಅಲ್ಲಿಗೆ ಮುರಿಯಿತು. ಡಿಸೆಂಬರ್ 31ರಂದು ತಪಾಸಣೆ, ದುರಸ್ತಿಗೆ ಅಂತ ನಿಲ್ಲಿಸಿದಾಗ ಲೆಕ್ಕ 962 ದಿನಕ್ಕೆ ಮುಟ್ಟಿತ್ತು. ಅಷ್ಟರಲ್ಲಿ ಹುಟ್ಟಿದ ವಿದ್ಯುತ್ ಸುಮಾರು 500 ಕೋಟಿ ಯೂನಿಟ್. ನಮ್ಮ ಚಾನೆಲ್ಲೂ ಸೇರಿ ಎಲ್ಲರೂ 'ಕರುನಾಡ ಹೆಮ್ಮೆ' ಅಂತ ಪಟ್ಟಿ ಓಡಿಸಿದೆವು. ಹೆಮ್ಮೆಯೇ, ಅದರಲ್ಲಿ ತಪ್ಪೇನೂ ಇಲ್ಲ.

ಇಷ್ಟು ದಿನ ಓಡೋದು ಹೇಗೆ ಸಾಧ್ಯ? ನೋಡಿ, ಕೂಡಂಕುಳಂನಂಥ ಸ್ಥಾವರದಲ್ಲಿ ಇಂಧನ ಬದಲಿಸಬೇಕಾದರೆ ಯಂತ್ರ ನಿಲ್ಲಿಸಿ, ಮುಚ್ಚಳ ತೆಗೆಯಲೇಬೇಕು. ಕೈಗಾದ್ದು ಭಾರಜಲದ ರಿಯಾಕ್ಟರ್. ಅದರೊಳಗೆ ಅಡ್ಡಡ್ಡ ಮಲಗಿಸಿದ 306 ಕೊಳವೆಗಳಿವೆ. ಎರಡು ತುದಿಯಲ್ಲೂ ಯಂತ್ರ ಕೂತಿರುತ್ತೆ. ಒಂದು ಕಡೆಯಿಂದ ಹೊಸ ಯುರೇನಿಯಂ ಕಟ್ಟನ್ನು ತಳ್ಳಿದರೆ ಇನ್ನೊಂದು ಕಡೆಯಿಂದ ಉರಿದು ಮುಗಿದದ್ದು ಹೊರಗೆ ಬರುತ್ತೆ. ಹಳ್ಳಿ ಮನೆಯಲ್ಲಿ ಅಜ್ಜಿ ಒಲೆ ಆರಿಸದೇ ಈ ಕಡೆ ಸೌದೆ ಒಟ್ಟಿ ಆ ಕಡೆ ಕೆಂಡ ಎಳೆಯುತ್ತಿದ್ದರಲ್ಲ, ಅದೇ ಲೆಕ್ಕ. ಆದರೆ ವಿನ್ಯಾಸ ಚೆನ್ನಾಗಿದ್ದರೆ ಸಾಲದು. ಪಂಪು, ಕವಾಟ, ಟರ್ಬೈನು, ಗ್ರಿಡ್ಡು, ರಾತ್ರಿಪಾಳಿಯ ಆಪರೇಟರ್, ಇವರಲ್ಲಿ ಯಾರೊಬ್ಬರು ಎಡವಿದರೂ ದಾಖಲೆ ಅಲ್ಲಿಗೇ ಮುಗೀತು. 962 ದಿನ ಯಾರೂ ಎಡವಲಿಲ್ಲ. ಉರಿದದ್ದೂ ನಮ್ಮದೇ ದೇಶದ ಯುರೇನಿಯಂ.

ಈ ವಿನ್ಯಾಸದ ಬೇರು ಇರೋದು ಕೆನಡಾದಲ್ಲಿ. 1974ರಲ್ಲಿ ಪೋಖ್ರಾನ್‌ನಲ್ಲಿ ಪರೀಕ್ಷೆ ನಡೆದ ಮೇಲೆ ಕೆನಡಾದವರು ಕೈತೊಳೆದುಕೊಂಡು ಹೋದರು. ರಾಜಸ್ಥಾನದ ಎರಡನೇ ಘಟಕ ಆಗ ಅರ್ಧಕ್ಕೆ ನಿಂತಿತ್ತು. ನಮ್ಮವರೇ ಅದನ್ನು ಮುಗಿಸಿದರು. ಅಲ್ಲಿಂದ ಕಲ್ಪಾಕ್ಕಂ, ನರೋರಾ, ಕಾಕ್ರಾಪಾರ್, ಆಮೇಲೆ ಕೈಗಾ.

ಈಗ ಮರೆತುಹೋದ ಮೇ 13ಕ್ಕೆ ಬರೋಣ.

1994. ಅದೇ ಕೈಗಾ, ಅದೇ ಒಂದನೇ ಘಟಕ. ಇನ್ನೂ ಕಟ್ಟಡದ ಕೆಲಸ ನಡೀತಿದೆ. ರಿಯಾಕ್ಟರ್ ಮೇಲೆ ಕಾಂಕ್ರೀಟ್ ಗುಮ್ಮಟ ಎದ್ದಿದೆ. ಒಳಗೆ ಏನೇ ಅನಾಹುತ ಆದರೂ ವಿಕಿರಣ ಹೊರಗೆ ಬರದಂತೆ ತಡೆಯೋದು ಆ ಗುಮ್ಮಟದ ಕೆಲಸ. ಕೊನೆಯ ತಡೆಗೋಡೆ ಅನ್ನಿ. ಅದರೊಳಗಿನ ಉಕ್ಕಿನ ಕೇಬಲ್‌ಗಳನ್ನು ಎಳೆದು ಬಿಗಿಯುತ್ತಿದ್ದ ಹಂತದಲ್ಲಿ, ಗುಮ್ಮಟದ ಕೆಳಪದರ ಈರುಳ್ಳಿ ಸಿಪ್ಪೆಯ ಹಾಗೆ ಕಳಚಿಕೊಂಡು ಬಿತ್ತು. ಸುಮಾರು 130 ಟನ್ ಕಾಂಕ್ರೀಟ್. ಬಿದ್ದದ್ದು ಹೆಚ್ಚುಕಡಿಮೆ ಹತ್ತು ಮಹಡಿ ಎತ್ತರದಿಂದ. 14 ಕಾರ್ಮಿಕರಿಗೆ ಗಾಯ. ಯಾರೂ ಸಾಯಲಿಲ್ಲ ಅನ್ನೋದೇ ಪುಣ್ಯ. ಒಳಗೆ ಇನ್ನೂ ಇಂಧನ ಇರಲಿಲ್ಲ ಅನ್ನೋದು ಅದಕ್ಕಿಂತ ದೊಡ್ಡ ಪುಣ್ಯ.

ನಾನೂ ಇಂಜಿನಿಯರಿಂಗ್ ಓದಿದವನು. ಕಾಲೇಜಿನ ಲ್ಯಾಬಿನಲ್ಲಿ ಕಾಂಕ್ರೀಟ್ ಕ್ಯೂಬ್ ಇಟ್ಟು ಒಡೆದಿದ್ದೀನಿ. ಅಲ್ಲಿ ಮೊದಲ ದಿನವೇ ಹೇಳಿಕೊಡೋ ಪಾಠ: ಕಾಂಕ್ರೀಟು ಒತ್ತಿದರೆ ತಡೆಯುತ್ತೆ, ಎಳೆದರೆ ತಡೆಯೋದಿಲ್ಲ. ಬಾಗಿದ ಕೇಬಲ್ಲನ್ನು ಬಿಗಿದಾಗ ಅದು ತನ್ನ ಕೆಳಗಿನ ಕಾಂಕ್ರೀಟನ್ನು ಕೆಳಕ್ಕೆ ತಳ್ಳುತ್ತೆ, ಮೇಲಿನದು ಮೇಲೇ ಉಳಿಯುತ್ತೆ. ಎರಡು ಪದರದ ನಡುವೆ ಎಳೆತ ಹುಟ್ಟುತ್ತೆ. ಅದಕ್ಕೆ ತಕ್ಕ ವ್ಯವಸ್ಥೆ ಇಲ್ಲದಿದ್ದರೆ ಪದರ ಬಿಡುತ್ತೆ. ವಿಜಯಪುರದಲ್ಲಿ ಗೋಳಗುಮ್ಮಟ ಕಟ್ಟಿ ನಿಲ್ಲಿಸಿದ ನಾಡು ನಮ್ಮದು, ಇಲ್ಲಿ ಗುಮ್ಮಟ ಬಿತ್ತು ಅಂದರೆ ಹೊಟ್ಟೆ ಉರಿಯೋದಿಲ್ವಾ?

ಆಮೇಲೆ ತನಿಖೆ ಆಯ್ತು, ಗುಮ್ಮಟದ ವಿನ್ಯಾಸವೇ ಬದಲಾಯ್ತು, ಇನ್ನೂ ಗಟ್ಟಿ ಕಾಂಕ್ರೀಟ್ ಬಂತು. ರಾಜಸ್ಥಾನದಲ್ಲಿ ಕಟ್ಟುತ್ತಿದ್ದ ಘಟಕಗಳೂ ಇದರಿಂದ ತಡವಾದವು. 1989ರಲ್ಲಿ ಕಾಂಕ್ರೀಟ್ ಹಾಕಲು ಶುರು ಮಾಡಿದ್ದ ಒಂದನೇ ಘಟಕ ವಾಣಿಜ್ಯ ಉತ್ಪಾದನೆಗೆ ಬಂದದ್ದು 2000ದ ನವೆಂಬರ್‌ನಲ್ಲಿ. ತಮ್ಮ ಮೊದಲು ಮದುವೆಯಾದ ಹಾಗೆ ಎರಡನೇ ಘಟಕ ಅದೇ ವರ್ಷದ ಮಾರ್ಚ್‌ನಲ್ಲೇ ಶುರುವಾಗಿತ್ತು.

ಗುಮ್ಮಟ ಬೀಳುವ ಮೊದಲೇ ಈ ಯೋಜನೆ ಬೇಡ ಅಂದವರಿದ್ದರು. ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೆ ಪಕ್ಷೇತರರಾಗಿ ಉತ್ತರ ಕನ್ನಡದಿಂದ ನಿಂತರು. ಪರಿಸರವೇ ಅವರ ಪ್ರಣಾಳಿಕೆ. ವಯಸ್ಸು 87. ಸೋತರು. ಅವರ ಎಲ್ಲ ಭಯ ನಿಜವಾಯಿತು ಅಂತ ನಾನು ಹೇಳೋದಿಲ್ಲ, ಆಗಿಲ್ಲ. ಆದರೆ 'ಎಲ್ಲ ಸರಿಯಾಗಿದೆ, ನೀವು ಸುಮ್ಮನಿರಿ' ಅಂದವರ ಮಾತೂ ನಿಜವಾಗಲಿಲ್ಲ. ಗುಮ್ಮಟ ಬಿದ್ದದ್ದು ಅದಾಗಿ ಐದೇ ವರ್ಷಕ್ಕೆ. 2009ರಲ್ಲಿ ಇದೇ ಸ್ಥಾವರದ ಒಳಗೆ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಬೆರೆತ ಭಾರಜಲ ಸೇರಿ 50ಕ್ಕೂ ಹೆಚ್ಚು ನೌಕರರ ದೇಹ ಹೊಕ್ಕಿತು. ಒಳಗಿನವರದ್ದೇ ಕಿಡಿಗೇಡಿತನ ಅಂತ ಅಣುಶಕ್ತಿ ಆಯೋಗದ ಅಧ್ಯಕ್ಷರೇ ಹೇಳಿದ್ದರು.

ಮೂರನೇ ಘಟಕದ ಕತೆ ಬೇರೆ. 2002ರಲ್ಲಿ ಕಾಂಕ್ರೀಟ್, 2007ರಲ್ಲಿ ಉತ್ಪಾದನೆ. ಐದು ವರ್ಷ! ಅಂದರೆ ಮನಸ್ಸು ಮಾಡಿದರೆ ಆಗುತ್ತೆ. ಆದರೆ ಆಗ ಏನಾಯ್ತು ಗೊತ್ತಾ? ಉರಿಸಲು ಯುರೇನಿಯಂ ಇಲ್ಲ. ಆ ಒಂದೆರಡು ವರ್ಷ ದೇಶದ ರಿಯಾಕ್ಟರ್‌ಗಳು ಹೆಚ್ಚುಕಡಿಮೆ ಅರ್ಧ ಸಾಮರ್ಥ್ಯದಲ್ಲಿ ತೆವಳಿದವು. ನಾಲ್ಕನೇ ಘಟಕ ಬರುವ ಹೊತ್ತಿಗೆ 2011 ಆಗಿತ್ತು. ಮದುವೆ ಮಂಟಪ ರೆಡಿ, ಅಕ್ಕಿ ಇಲ್ಲ ಅನ್ನೋ ಪರಿಸ್ಥಿತಿ.

ಈಗ ಮುಂದಿನ ಯೋಜನೆ. 1987ರಲ್ಲಿ ನ್ಯೂಕ್ಲಿಯರ್ ಪವರ್ ಕಾರ್ಪೊರೇಷನ್ ಹುಟ್ಟಿದ ಕಾಲದಲ್ಲಿ ದೇಶದ ಮುಂದಿದ್ದ ಗುರಿ 2000ಕ್ಕೆ 10,000 ಮೆಗಾವಾಟ್. 2000 ಮುಗಿಯುವಾಗ ಕೈಯಲ್ಲಿದ್ದದ್ದು 2,720. ಆಮೇಲೆ ಬಂದ ಗುರಿ 2020ಕ್ಕೆ 20,000. ಆ ವರ್ಷ ಇದ್ದದ್ದು 6,780. 2025ರ ಬಜೆಟ್‌ನಲ್ಲಿ ಹೇಳಿದ್ದು 2047ಕ್ಕೆ 100 ಗಿಗಾವಾಟ್, ಅಂದರೆ ಒಂದು ಲಕ್ಷ ಮೆಗಾವಾಟ್. ಸೊನ್ನೆ ಒಂದೊಂದೇ ಜಾಸ್ತಿ ಆಗ್ತಿದೆ.

ಈ ಲಕ್ಷದಲ್ಲಿ ನಮ್ಮ ಪಾಲು ಕೈಗಾ 5 ಮತ್ತು 6. ತಲಾ 700 ಮೆಗಾವಾಟ್. ಕೇಂದ್ರ ಸಂಪುಟ ಒಪ್ಪಿದ್ದು 2017ರಲ್ಲಿ, ಇಂಥ ಹತ್ತು ರಿಯಾಕ್ಟರ್‌ಗಳ ಗುಂಪಿನೊಂದಿಗೆ. ಸಾರ್ವಜನಿಕ ಅಹವಾಲು ಸಭೆ ಮಲ್ಲಾಪುರದಲ್ಲಿ ನಡೆದದ್ದು 2018ರ ಡಿಸೆಂಬರ್ 15ಕ್ಕೆ, ವಿಶ್ವದಾಖಲೆ ಮುರಿದ ಐದೇ ದಿನಕ್ಕೆ. ಕಾಳಿಗೆ ಸಾಲು ಸಾಲು ಅಣೆಕಟ್ಟು, ಆಚೆ ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆ, ನಡುವೆ ಕೈಗಾ. ಒಂದೇ ಜಿಲ್ಲೆ ಎಷ್ಟು ಸಲ ಜಾಗ ಬಿಟ್ಟುಕೊಡಬೇಕು ಹೇಳಿ? ವಿರೋಧ ಬಂತು. ಬರಲೇಬೇಕಿತ್ತು. 2019ರಲ್ಲಿ ಪರಿಸರ ಅನುಮತಿಯೂ ಬಂತು.

ನನ್ನ ತಕರಾರು ಒಂದೇ. 5 ಮತ್ತು 6ರ ಬಗ್ಗೆ ಯಾರಾದರೂ ಪ್ರಶ್ನೆ ಎತ್ತಿದ ಕೂಡಲೇ ಸ್ಟುಡಿಯೋದಲ್ಲಿ ಕೂತ ಅತಿಥಿಗಳು '962 ದಿನ ಓಡಿಸಿದವರು ನಾವು' ಅಂತಾರೆ. ಸ್ವಾಮಿ, ಅದು ಓಡಿಸೋ ಕೌಶಲ. ಅದರಲ್ಲಿ ನಾವು ನಿಪುಣರು, ಒಪ್ಪಿದೆ. ಮುಂದಿರೋದು ಕಟ್ಟೋ ಕೆಲಸ. ಅಲ್ಲಿ ನೋಡಬೇಕಾದ್ದು 1994ರ ಮೇ 13ನ್ನು. ಅಲ್ಲಿ ನೋಡಬೇಕಾದ್ದು ಗುಜರಾತಿನ ಕಾಕ್ರಾಪಾರ್ ಮೂರನೇ ಘಟಕವನ್ನು. ನಮ್ಮ ಮೊದಲ 700 ಮೆಗಾವಾಟ್ ಯಂತ್ರ ಅದು, 2010ರಲ್ಲಿ ಶುರುವಾಗಿ ವಾಣಿಜ್ಯ ಉತ್ಪಾದನೆಗೆ ಬಂದದ್ದು 2023ರಲ್ಲಿ. ಹದಿಮೂರು ವರ್ಷ ಎಳೆದರೆ ಸಾಲದ ಬಡ್ಡಿ ಯಾರ ಮೇಲೆ ಬೀಳುತ್ತೆ? ನಿಮ್ಮ ಮನೆಯ ಕರೆಂಟ್ ಬಿಲ್ ಮೇಲೆ.

ಅಂದಹಾಗೆ, 962 ಈಗ ವಿಶ್ವದಾಖಲೆ ಅಲ್ಲ. ಕೆನಡಾದ ಡಾರ್ಲಿಂಗ್ಟನ್‌ನ ಒಂದನೇ ಘಟಕ 2021ರಲ್ಲಿ ನಿಂತಾಗ 1,106 ದಿನ ಓಡಿ ಆಗಿತ್ತು. ಅದೂ ಭಾರಜಲದ ರಿಯಾಕ್ಟರೇ. ದಾಖಲೆ ಒಂದರ್ಥದಲ್ಲಿ ತವರುಮನೆಗೆ ವಾಪಸ್ ಹೋಯ್ತು.

ನಮ್ಮ ಕಾರವಾರದ ವರದಿಗಾರರಿಗೆ ಒಂದು ಮಾತು ಈಗಲೇ ಹೇಳಿಟ್ಟಿದ್ದೀನಿ. ಐದನೇ ಘಟಕದ ಗುಮ್ಮಟದ ಕೇಬಲ್ ಬಿಗಿಯುವ ದಿನ ಯಾವಾಗ ಅಂತ ಕೇಳಿಡಿ, ಅವತ್ತು ನಮ್ಮ ಕ್ಯಾಮೆರಾ ಕೈಗಾ ಗೇಟಿನ ಹತ್ತಿರ ಇರಬೇಕು.