ಶ್ರೋಣಿ ಭಾಗದ ವಿಕಿರಣ ಚಿಕಿತ್ಸೆ ಮತ್ತು ಪಥ್ಯ: ನಾರಿನಂಶದ ಪ್ರಶ್ನೆ

ಗರ್ಭಕಂಠ, ಗುದನಾಳ ಅಥವಾ ಪ್ರಾಸ್ಟೇಟ್ ಕ್ಯಾನ್ಸರಿಗೆ ಕಿಬ್ಬೊಟ್ಟೆಯ ಕೆಳಭಾಗಕ್ಕೆ ವಿಕಿರಣ ಕೊಡಲು ಶುರುಮಾಡಿದೊಡನೆ ರೋಗಿಯ ಊಟದಿಂದ ಸೊಪ್ಪು, ಕಾಳು, ಹಣ್ಣುಗಳನ್ನು ತೆಗೆದುಹಾಕುವುದು ಬಹುಕಾಲದ ರೂಢಿ. ನಾರು ಕಡಿಮೆಯಾದರೆ ಕರುಳಿಗೆ ಬಿಡುವು ಸಿಗುತ್ತದೆ, ಭೇದಿ ತಡೆಯುತ್ತದೆ ಎಂಬುದು ಇದರ ಹಿಂದಿನ ತರ್ಕ. ಮೊದಲ ದಿನದಿಂದಲೇ ಎಲ್ಲರಿಗೂ ಒಂದೇ ಬಗೆಯಾಗಿ ಹೇರುವ ಈ ಪಥ್ಯ ಮರುಪರಿಶೀಲನೆಗೆ ಒಳಗಾಗಬೇಕೆಂಬುದು ಪ್ರಸ್ತುತ ಲೇಖನದ ವಾದ.

ಸಾಮಾನ್ಯವಾಗಿ 45ರಿಂದ 50.4 ಗ್ರೇ ಪ್ರಮಾಣದ ವಿಕಿರಣವನ್ನು 25ರಿಂದ 28 ಕಂತುಗಳಲ್ಲಿ ಕೊಡಲಾಗುತ್ತದೆ. ಸಣ್ಣ ಕರುಳಿನ ಒಳಪದರವನ್ನು ಕೆಲವೇ ದಿನಗಳಿಗೊಮ್ಮೆ ಹೊಸದಾಗಿಸುವ ಜೀವಕೋಶಗಳು ಇದರಿಂದ ನಲುಗುತ್ತವೆ. ಹಾಗಾಗಿ ಎರಡು-ಮೂರನೆಯ ವಾರದ ಹೊತ್ತಿಗೆ ಭೇದಿ ಕಾಣಿಸಿಕೊಳ್ಳುತ್ತದೆ. ಆದರೆ ಎಲ್ಲ ಭೇದಿಯ ಮೂಲವೂ ಒಂದೇ ಅಲ್ಲ. ಲ್ಯಾಕ್ಟೇಸ್ ಕಿಣ್ವ ಕುಂದಿದವರಿಗೆ ಹಾಲು ಒಗ್ಗುವುದಿಲ್ಲ, ಅವರಲ್ಲಿ ಹಲವರಿಗೆ ಮೊಸರು ಒಗ್ಗುತ್ತದೆ. ಸಣ್ಣ ಕರುಳಿನ ಕೊನೆಯ ಭಾಗ ಘಾಸಿಗೊಂಡಾಗ ಹೀರಿಕೊಳ್ಳದೆ ಉಳಿದ ಪಿತ್ತಾಮ್ಲ ದೊಡ್ಡ ಕರುಳಿಗಿಳಿದು ನೀರನ್ನು ಸೆಳೆಯುತ್ತದೆ. ಅಂಥವರು ಕಡಿಮೆ ಮಾಡಬೇಕಾದದ್ದು ಎಣ್ಣೆ, ತುಪ್ಪ. ಇವೆರಡಕ್ಕೂ ನಾರು ಕಾರಣವಲ್ಲ.

ಲಂಡನ್ನಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯ ತಂಡ 2017ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಮುಖ್ಯವಾಗುತ್ತದೆ. 166 ರೋಗಿಗಳನ್ನು ಕಡಿಮೆ ನಾರು (ದಿನಕ್ಕೆ 10 ಗ್ರಾಂ ಒಳಗೆ), ರೂಢಿಯ ಊಟ, ಹೆಚ್ಚು ನಾರು (18 ಗ್ರಾಂ ಅಥವಾ ಹೆಚ್ಚು) ಎಂದು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ತೊಂದರೆ ತೀರಾ ಉಲ್ಬಣಿಸಿದ ಹಂತದಲ್ಲಿ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವಿರಲಿಲ್ಲ, ಇದನ್ನು ಮರೆಮಾಚುವಂತಿಲ್ಲ. ಚಿಕಿತ್ಸೆ ಮುಗಿದಾಗ ಮಾತ್ರ ಕರುಳಿನ ಆರೋಗ್ಯದ ಅಂಕ ರೂಢಿಯ ಊಟದವರಲ್ಲಿ ಸರಾಸರಿ 10.8ರಷ್ಟು ಕುಸಿದಿದ್ದರೆ, ಹೆಚ್ಚು ನಾರಿನವರಲ್ಲಿ 3.7ರಷ್ಟು ಕುಸಿದಿತ್ತು. ವರ್ಷದ ಬಳಿಕ ಹೆಚ್ಚು ನಾರಿನ ಗುಂಪು ಮೊದಲಿನ ಸ್ಥಿತಿಗೆ ಮರಳಿತ್ತು, ರೂಢಿಯ ಗುಂಪು ಮರಳಿರಲಿಲ್ಲ. ನನಗೆ ಇದಕ್ಕಿಂತಲೂ ಮಹತ್ವದ್ದೆನಿಸುವುದು ಇನ್ನೊಂದು ಫಲಿತಾಂಶ: ಶಕ್ತಿ, ಪ್ರೋಟೀನು, ಕೊಬ್ಬಿನ ಸೇವನೆ ಗಮನಾರ್ಹವಾಗಿ ಇಳಿದದ್ದು ಉಳಿದೆರಡು ಗುಂಪುಗಳಲ್ಲಿ ಮಾತ್ರ.

ಹಾಗೆಂದು ರಾಗಿಮುದ್ದೆಯನ್ನು ಕಣ್ಣುಮುಚ್ಚಿ ಶಿಫಾರಸು ಮಾಡಲಾಗದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ರಾಗಿಯ ನಾರಿನಲ್ಲಿ ಬಹುಪಾಲು ನೀರಿನಲ್ಲಿ ಕರಗದ ಬಗೆಯದು. ಲಂಡನ್ ಪ್ರಯೋಗದ ಲೆಕ್ಕದ ಕ್ರಮವೂ ಬೇರೆ. ಅಲ್ಲಿಯ 18 ಗ್ರಾಂ ನಮ್ಮ ಕೋಷ್ಟಕಗಳ ಕ್ರಮದಲ್ಲಿ ಸುಮಾರು 24 ಗ್ರಾಂ ಆಗುತ್ತದೆ. ಆದ್ದರಿಂದ ಹೊಟ್ಟೆ ಸರಿಯಿರುವವರೆಗೆ ಮುದ್ದೆ, ಬೇಯಿಸಿದ ತರಕಾರಿ ಮುಂದುವರಿಯಲಿ. ಭೇದಿ ಹೆಚ್ಚಿದ ದಿನಗಳಲ್ಲಿ ನೆನೆಸಿ ರುಬ್ಬಿ ಬಟ್ಟೆಯಲ್ಲಿ ಸೋಸಿದ ರಾಗಿಹಾಲಿನ ಗಂಜಿ, ಬಾಳೆಹಣ್ಣು, ಸಿಪ್ಪೆ ತೆಗೆದ ಹೆಸರುಬೇಳೆ ಸಾಕು.

ಪ್ರೋಟೀನಿನ ವಿಷಯದಲ್ಲಿ ಮಾತ್ರ ರಾಜಿ ಸಲ್ಲದು. ಯುರೋಪಿನ ಪೋಷಣಾ ಸಂಘದ ಮಾರ್ಗಸೂಚಿ ದೇಹತೂಕದ ಪ್ರತಿ ಕಿಲೋಗೆ 1 ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ 1.5 ಗ್ರಾಂವರೆಗೆ ಪ್ರೋಟೀನು ಬೇಕೆನ್ನುತ್ತದೆ. 50 ಕಿಲೋ ತೂಕದ ಮಹಿಳೆಗೆ ಅದು 50ರಿಂದ 75 ಗ್ರಾಂ. ಬರೀ ಗಂಜಿ-ತಿಳಿಸಾರಿನಿಂದ ಅಷ್ಟು ಒದಗದು. ಮೊಟ್ಟೆ, ಮೀನು, ಮೊಸರು, ಬೇಳೆ ಬೇಕೇ ಬೇಕು. ವಿಕಿರಣದ ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ ಪಡೆಯುವವರಿಗೆ ನೀರಿನ ಕೊರತೆ ನೇರವಾಗಿ ಮೂತ್ರಪಿಂಡಕ್ಕೆ ಅಪಾಯ ತರುತ್ತದೆ, ಭೇದಿ ಶುರುವಾದೊಡನೆ ಓಆರ್‌ಎಸ್ ಕೊಡಬೇಕು. ಪ್ರೋಬಯಾಟಿಕ್ ಗುಳಿಗೆಗಳ ಬಗ್ಗೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳಲ್ಲೇ ಒಮ್ಮತವಿಲ್ಲ.

ಆಹಾರದಿಂದ ಎಲ್ಲವೂ ಆಗದು ಎಂಬುದಕ್ಕೆ ಮುಂಬೈನ ಟಾಟಾ ಮೆಮೋರಿಯಲ್ ಕೇಂದ್ರದ ಪಾರ್ಸರ್ ಅಧ್ಯಯನ ಸಾಕ್ಷಿ. ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಪಡೆದ ಗರ್ಭಕಂಠ ಕ್ಯಾನ್ಸರ್ ರೋಗಿಗಳಲ್ಲಿ ಮೂರು ವರ್ಷದೊಳಗಿನ ಕರುಳಿನ ತೊಂದರೆ ಹಳೆಯ ವಿಧಾನದಲ್ಲಿ ಶೇ. 42.4 ಇದ್ದದ್ದು, ಚಿತ್ರ-ಮಾರ್ಗದರ್ಶಿತ ವಿಧಾನದಲ್ಲಿ ಶೇ. 21.1ಕ್ಕೆ ಇಳಿಯಿತು. ಪಥ್ಯದ ಪಾತ್ರ ಸೀಮಿತವೆಂದಾದರೆ ಅದರ ಅವಧಿಗೂ ಸೀಮೆ ಇರಬೇಕು. ಚಿಕಿತ್ಸೆ ಮುಗಿದು ಕೆಲವು ವಾರಗಳಲ್ಲಿ ಭೇದಿ ನಿಂತ ಮೇಲೆ ಸೊಪ್ಪು, ಕಾಳುಗಳನ್ನು ಯಾವ ಕ್ರಮದಲ್ಲಿ ಮರಳಿ ಆರಂಭಿಸಬೇಕೆಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆದುಕೊಡುವ ಪದ್ಧತಿ ಬರಬೇಕು.